ಮಡು ಕಟ್ಟಿದವಳು

ಹೋಳಿ ಹುಣ್ಣಿಮೆಯ ಮರುದಿನ ಕಾಡವ್ವನ ಮಡುವನ್ನು ಕಟ್ಟುತ್ತಾರೆ. ಕಟ್ಟುವುದೆಂದರೆ ಕಲ್ಲು ಮಣ್ಣು ಹಾಕಿ ಒಡ್ಡು ಹಾಕುವುದಲ್ಲ, ಮಾತಿನಿಂದ ಕಟ್ಟುವುದು. ಅಂದಿನಿಂದ ಘಟಪ್ರಭೆಗೆ ಮಳೆಯ ಕೆಂಪು ನೀರು ಬರುವ ತನಕ ಅಂಬಿಗರ ಕೇರಿಯ ಯಾರೂ ಆ ಮಡುವಿಗೆ ಬಲೆ ಇಳಿಸುವಂತಿಲ್ಲ, ಗಾಳ ಹಾಕುವಂತಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತುತ್ತ ಬಂದ ಹಾಗೆ ಮೇಲಿನ ಮೀನು, ಕೆಳಗಿನ ಮೀನು ಎಲ್ಲ ಸರಿದು ಸರಿದು ಆ ಒಂದು ಗುಂಡಿಗೆ ಬಂದು ಸೇರುತ್ತದೆ. ಹೊಟ್ಟೆಯಲ್ಲಿ ತತ್ತಿ ಕಟ್ಟಿಕೊಂಡ ಮೀನು. ಮೊದಲ ಕೆಂಪು ನೀರಿಗೆ ಅದು ಹೊರಬಿದ್ದು ತತ್ತಿ ಬಿಟ್ಟ ಮೇಲೆ ಹಿಡಿಯಲು ಯಾರ ಅಡ್ಡಿಯೂ ಇಲ್ಲ. ಒಕ್ಕಲಿಗರು ಬಿತ್ತನೆಯ ಜೋಳವನ್ನು ಬೇರೆ ತೆಗೆದಿಡುವ ಹಾಗೆ ಅಂಬಿಗರು ಈ ಮಡುವನ್ನು ಇಟ್ಟುಕೊಂಡು ಬಂದಿದ್ದರು.

ಮೊದಲೆಲ್ಲ ಕಾಡವ್ವನ ಹೆಸರು ಹೇಳಿ ಕಟ್ಟುತ್ತಿದ್ದರು. ದಂಡೆಯ ಮೇಲೆ ಕುಂಕುಮ ಮೆತ್ತಿದ ಕರಿಗಲ್ಲೊಂದೇ ಅವಳ ಗುಡಿ. ಆಮೇಲೆ ಸೀತವ್ವನ ಗಂಡ ಯಲ್ಲಾರಿಯ ಹೆಸರಿನಲ್ಲಿ ಕಟ್ಟತೊಡಗಿದರು. ಅದು ಆದದ್ದು ಹೀಗೆ.

ಸ್ವಾತಂತ್ರ್ಯ ಬಂದ ಮೇಲೆ ಕಣಗಲಾದ ಕಡೆ ರಸ್ತೆಯ ಕೆಲಸ ಶುರುವಾಗಿ, ಕಲ್ಲು ಒಡೆಯುವ ಗ್ಯಾಂಗಿಗೆ ಕೇರಿಯ ಹುಡುಗರು ಕೂಲಿಗೆ ಹೋದರು. ಗುಡ್ಡಕ್ಕೆ ತೂತು ಕೊರೆದು, ಮದ್ದು ತುಂಬಿದ ತೋಟಾ ಇಟ್ಟು ಸಿಡಿಸುವುದನ್ನು ಕಲಿತರು. ಆನೆಯಂಥ ಬಂಡೆ ಒಂದು ತೋಟಾಕ್ಕೆ ಬಾಯಿಬಿಡುವುದನ್ನು ಕಂಡವರಿಗೆ ಬಲೆ ಹೆಣೆಯುತ್ತ ಕೂಡುವುದು ಮುದುಕರ ಕೆಲಸದಂತೆ ಕಾಣಿಸಿತು. ಕಾಡವ್ವನ ಕಲ್ಲಿನ ಕಡೆ ಕೈ ಮಾಡಿ, "ಈಕಿನೂ ಒಂದ ತೋಟಾದ ಗಿರಾಕಿ" ಎಂದು ನಕ್ಕವನು ಯಲ್ಲಾರಿಯೇ. ಮಡು ಕಟ್ಟಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಒಂದು ಮಧ್ಯಾಹ್ನ ಅವನು ಸೊಂಟದಲ್ಲಿ ತೋಟಾ ಸಿಗಿಸಿಕೊಂಡು ಇಬ್ಬರು ಗೆಳೆಯರ ಜೊತೆ ದಂಡೆಗೆ ಹೋದ. ಸಪ್ಪಳ ಕೇರಿಯ ತನಕ ಕೇಳಿಸಿತು. ಗೆಳೆಯರು ಓಡುತ್ತ ಬಂದರು. ಯಲ್ಲಾರಿ ಬರಲಿಲ್ಲ.

ಸೀತವ್ವ ಹೋಗಿ ನೋಡಿದಾಗ ಮಡು ಬೆಳ್ಳಗಾಗಿತ್ತು. ಮೊಳದುದ್ದದ್ದು, ಗೇಣುದ್ದದ್ದು, ಉಗುರಿನಷ್ಟಿದ್ದದ್ದು, ಎಲ್ಲವೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ತತ್ತಿ ಒಡೆದು ನೀರು ಅಂಬಲಿಯ ಹಾಗಾಗಿತ್ತು. ಬಂಡೆಯ ಮೇಲೆ ರಕ್ತ, ನೀರಿನ ಮೇಲೆ ಗಂಡನ ರುಮಾಲು. ಕೇರಿಯ ಗಂಡಸರು ಮುಳುಗಿ ಮುಳುಗಿ ತಳ ತಡಕಿದರು. ಹೆಣ ಸಿಗಲಿಲ್ಲ. ಕಡೆಗೆ ಕೇರಿಯ ಹಿರಿಯ ಗುಡ್ಡಪ್ಪ, "ಮಡು ತನ್ನ ಹಂತ್ಯಾಕ ಇಟಗೊಂಡೈತಿ. ಸಾಕು ಮಾಡ್ರಿ" ಎಂದ. ರುಮಾಲನ್ನೇ ಮಣ್ಣು ಮಾಡಿದರು. ಸೀತವ್ವನ ಬಳೆ ಒಡೆದರು.

ಸತ್ತು ತೇಲಿದ ಆ ಮೀನನ್ನು ಯಾರೂ ಮುಟ್ಟಲಿಲ್ಲ. ಮುಂದಿನ ಮಳೆಗಾಲದಲ್ಲಿ ಮುಟ್ಟಬೇಕೆಂದರೂ ಮೀನು ಇರಲಿಲ್ಲ. ಅದರ ಮುಂದಿನ ಮಳೆಗಾಲದಲ್ಲೂ ಇರಲಿಲ್ಲ. ಇಳಿಸಿದ ಬಲೆ ತೊಳೆದಂತೆ ಬರಿದಾಗಿ ಮೇಲೆ ಬರುತ್ತಿತ್ತು. ಎಷ್ಟೋ ಮನೆಯವರು ಬಲೆ ಮಾರಿಕೊಂಡು ಮೂಡಲಗಿಯ ಕಡೆ ಹೊಲದ ಕೂಲಿಗೆ ಹೋದರು, ಹೊಳ್ಳಿ ಬರಲಿಲ್ಲ. ಉಳಿದವರು ಕೂಡಿ ಒಂದು ಮಾತು ಮಾಡಿಕೊಂಡರು. ಯಲ್ಲಾರಿ ಮಡುವಿನೊಳಗಿದ್ದಾನೆ. ಬೇಸಿಗೆಯಲ್ಲಿ ಅಲ್ಲಿನ ಮೀನು ಹಿಡಿದರೆ ಅವನ ಮೈಯನ್ನೇ ಹಿಡಿದು ತಿಂದ ಹಾಗೆ. ಹೋಳಿ ಹುಣ್ಣಿಮೆಯ ಮರುದಿನ ಮಟಮಟ ಮಧ್ಯಾಹ್ನ ಅವನ ಹೆಂಡತಿ ಒಬ್ಬಳೇ ಹೋಗಿ ಎಡೆ ಇಟ್ಟು, ನೀರಿನ ಮೇಲೆ ಗಂಡನ ಹೆಸರು ಹಿಡಿದು ಕೂಗಬೇಕು. ಕೂಡಿ ಬಾಳಿದಾಗ ಒಮ್ಮೆಯೂ ಅವಳ ಬಾಯಿಂದ ಹೊರಡದ ಹೆಸರು. ಅವಳು ಕೂಗಿ ಬಂದು "ಕಟ್ಟಿತು" ಎಂದರೆ ಮಡು ಕಟ್ಟಿದಂತೆ.

ಗ್ಯಾಂಗಿನಲ್ಲಿ ತೋಟಾ ಸಿಗುತ್ತಲೇ ಇತ್ತು. ಆದರೆ ಮಡುವಿನ ಕಡೆ ಯಾರೂ ಸುಳಿಯಲಿಲ್ಲ. ಬಿಸಿಲಿನಲ್ಲಿ ನೀರಿನಿಂದ ಕೈಯೊಂದು ಎದ್ದು ಮುಳುಗಿದ್ದನ್ನು ಕಂಡವರಿದ್ದರು. ದನ ಕಾಯುವಾಗ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟದ್ದನ್ನು ಕೇಳಿದವರಿದ್ದರು. ಮೀನು ಮೆಲ್ಲಗೆ ಹೊಳ್ಳಿ ಬಂತು.

ಹೆದರದವಳು ಸೀತವ್ವ ಒಬ್ಬಳೇ. ಬಟ್ಟೆ ಒಗೆಯಲು ಹೋದಾಗ ಬಂಡೆಯ ಮೇಲೆ ಕೂತು ನೀರಿನೊಂದಿಗೆ ಮಾತಾಡುತ್ತಿದ್ದಳು. ಎಮ್ಮೆ ಕರು ಹಾಕಿದ್ದು, ಅತ್ತೆ ಉದ್ದವ್ವನ ಮೊಣಕಾಲು ಬಾತದ್ದು, ಮೈದುನ ಲಗಮಣ್ಣನ ಹೆಂಡತಿ ಬಸುರಾದದ್ದು. ಕೆಳಗೆ ಕರಿಯ ಬೆನ್ನುಗಳು ಹೊರಳುತ್ತಿದ್ದವು. ವರ್ಷದಿಂದ ವರ್ಷಕ್ಕೆ ಆ ಬೆನ್ನುಗಳು ಅಗಲವಾಗುವುದನ್ನು ನೋಡುತ್ತಿದ್ದಳು. ಮನೆಗೆ ಬಂದು ಬರಿಯ ಹಣೆಯನ್ನು ತೊಳೆದುಕೊಳ್ಳುವಾಗ ಮಾತ್ರ ಬೆರಳು ಕುಂಕುಮದ ಜಾಗದಲ್ಲಿ ನಿಲ್ಲುತ್ತಿತ್ತು.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮೇಲಿನ ಮೊದಲ ಹೋಳಿ ಅದು. ಆ ವರ್ಷ ಹೊಳೆ ಬಹಳ ಬೇಗ ಸೊರಗಿತ್ತು. ಮಡುವಿನ ಮೇಲೂ ಕೆಳಗೂ ಬಂಡೆಗಳು ಎದ್ದು ಕೂತಿದ್ದವು. ಸೀತವ್ವ ಎಲೆಯ ಮೇಲೆ ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಹೋಳಿಗೆ ಇಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡು ನೀರಿಗೆ ಮುಖ ಮಾಡಿ ಕೂಗಿದಳು.

"ಯಲ್ಲಾರೀ."

ಆಚೆ ದಂಡೆಯಿಂದ, "ಓ" ಎಂದಿತು.

ಗಾಳಿ ಇರಲಿಲ್ಲ. ಹಕ್ಕಿ ಕೂಡ ಬಾಯಿಬಿಡದ ಹೊತ್ತು. ತಾನು ಕೂಗಿದ್ದೇ ಬಂಡೆಗೆ ತಾಗಿ ಹೊಳ್ಳಿ ಬಂತೇನೋ ಎಂದುಕೊಂಡಳು. ಆದರೆ ಬಂಡೆಗೆ ತಾಗಿದರೆ ಹೆಸರೇ ಹೊಳ್ಳಿ ಬರಬೇಕಲ್ಲ. ಈ ಸಲ ಸಣ್ಣ ದನಿಯಲ್ಲಿ ಮತ್ತೊಮ್ಮೆ ಕೂಗಿದಳು.

"ಓ. ಇಲ್ಲೇ ಅದೇನಿ."

ಲಕ್ಕಿ ಗಿಡದ ನೆರಳಿನಲ್ಲಿ ಒಬ್ಬ ಗಂಡಸು ನೀರಿನಲ್ಲಿ ಕಾಲು ಬಿಟ್ಟುಕೊಂಡು ಕೂತಿದ್ದ. ಗಡ್ಡ ಅಲ್ಲಲ್ಲಿ ನರೆತಿತ್ತು. ಬಲಗೈಯನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ. ಸೀತವ್ವನ ಕಣ್ಣು ಮೊದಲು ಹುಡುಕಿದ್ದು ಅವನ ಪಾದಗಳನ್ನು. ದೆವ್ವಗಳಿಗೆ ಪಾದ ಹಿಂದುಮುಂದಾಗಿರುತ್ತವೆ ಎಂದು ಕೇಳಿದ್ದಳು.

"ಪಾದಾ ನೋಡಾಕತ್ತಿಯೇನ?" ಎಂದು ಅವನು ಒಂದು ಕಾಲನ್ನು ನೀರಿನಿಂದ ಎತ್ತಿದ. "ಮುಂದನ ಅದಾವು. ನೋಡ್ಕೊ."

"ನೀವು ಸತ್ತೀರಿ" ಎಂದಳು ಸೀತವ್ವ. ಕೇಳಲಿಲ್ಲ, ಹೇಳಿದಳು.

"ಅರ್ಧಾ ಸತ್ತೇನಿ." ಅಂಗಿಯಿಂದ ಕೈ ತೆಗೆದು ತೋರಿಸಿದ. ಹೆಬ್ಬೆರಳು, ಕಿರುಬೆರಳು ಉಳಿದಿದ್ದವು. ನಡುವೆ ಏನೂ ಇರಲಿಲ್ಲ.

ಅವಳು ಅಲ್ಲೇ ಕೂತಳು. ನಡುವೆ ಮಡು, ಈಚೆ ಅವಳು, ಆಚೆ ಅವನು. ಅವನು ಹೇಳಿದ. ತೋಟಾ ಕೈಯಲ್ಲೇ ಸಿಡಿದು ನೀರಿಗೆ ಬಿದ್ದದ್ದು. ಆಚೆ ದಂಡೆಗೆ ತೇಲಿ, ಕೈಗೆ ಧೋತರ ಸುತ್ತಿಕೊಂಡು ಲಕ್ಕಿಯ ಮೆಳೆಯಲ್ಲಿ ಅಡಗಿ ಕೂತದ್ದು. ಕೇರಿಯವರೆಲ್ಲ ತನ್ನನ್ನು ಹುಡುಕಿ ಅಳುವುದನ್ನು ನೋಡಿದ್ದು.

"ನಾ ಬಾಯಿ ಬಡಕೊಳ್ಳೋದನ್ನೂ ನೋಡಿದ್ರಿ?"

"ನೋಡ್ದೆ."

"ಓ ಅನ್ನಾಕ ಆಗಲಿಲ್ಲ?"

ಅವನು ಮಡುವಿನ ಕಡೆ ನೋಡಿದ. "ಮೀನ ನೋಡಿದ್ದೆ ಸೀತಾ. ಅಷ್ಟು ಮೀನ ಸತ್ತದ್ದು ಎಂದೂ ನೋಡಿದ್ದಿಲ್ಲ. ತೋಟಾ ಕಳವಿನ ಮಾಲು, ಪೊಲೀಸರ ಅಂಜಿಕಿ ಒಂದು. ಕೇರಿಯವ್ರ ಮುಂದ ಯಾವ ಮಾರಿ ಹೊತ್ತು ನಿಲ್ಲಲಿ ಅಂತ ಮತ್ತೊಂದು. ಗಾಡಿ ಹತ್ತಿ ಮಿರಜಿಗಿ ಹೋದೆ. ಕೈ ಮಾಯೂದರಾಗ ಇಲ್ಲಿ ನಂದು ಮಣ್ಣಾಗಿತ್ತು."

ಈಗ ಗೋಕಾಕ ಫಾಲ್ಸಿನಲ್ಲಿ ಒಂದು ಚಹಾದಂಗಡಿಗೆ ನೀರು ಹೊರುತ್ತಿದ್ದ. "ಇದ ನೀರು. ಇಲ್ಲಿಂದ ಹೋಗಿ ಅಲ್ಲಿ ಬೀಳತೈತಿ. ಹಗಲಿ ರಾತ್ರಿ ಒಂದ ಸಮ ಸಪ್ಪಳ. ಅದರಾಗ ನೀ ಕರದಂಗ ಆಗತಿತ್ತು. ಹೋಳಿ ಮರುದಿನಾ ನೀ ಇಲ್ಲಿ ಬರ್ತೀ ಅಂತ ಸಂತ್ಯಾಗ ಕೇಳಿದ್ದೆ. ಇನ್ನ ಆಗೂದುಲ್ಲ ನನಗ. ನಾಳಿ ಕೇರಿಗಿ ಬರ್ತೇನಿ. ಪಂಚರು ಕಟ್ಟಿಗಿ ಕೂಡಿಸಿ ಹೊಡದ್ರ ಹೊಡೀಲಿ. ಅವ್ವನ ಮಾರಿ ನೋಡಬೇಕು. ನಿನ್ನ ಹಣಿಗಿ ಕುಂಕಮಾ ಹಚಗೋಬೇಕು ನೀ."

ಸೀತವ್ವನ ಕೈ ತಾನಾಗಿ ಹಣೆಗೆ ಹೋಯಿತು. "ನಾಳಿ ಮುಂಜಾನಿ ನಾ ಬರೂತನಕಾ ಇಲ್ಲೇ ಇರ್ರಿ. ಯಾರ ಕಣ್ಣಿಗೂ ಬೀಳಬ್ಯಾಡ್ರಿ" ಎಂದಳು.

"ಎಡಿಯರ ಕೊಡು. ಹಸದೇನಿ."

ಅವಳು ಎಲೆಯನ್ನು ಇದ್ದಲ್ಲೇ ಬಿಟ್ಟು ಎದ್ದಳು. ಎಡೆ ಇಟ್ಟವರು ಹೊಳ್ಳಿ ನೋಡಬಾರದು, ನೋಡಲಿಲ್ಲ. ಜಾಲಿಯ ಗಿಡ ದಾಟುವಾಗ, ಮಡುವಿನ ಕೆಳಗಿನ ಬಂಡೆಗಳ ಮೇಲೆ ಯಾರೋ ನೀರು ತುಳಿದು ಬರುವ ಸಪ್ಪಳ ಕೇಳಿತು. ಗಂಡನೇ ಎಂದು ಗೊತ್ತಿದ್ದೂ ಅವಳು ಹೆಜ್ಜೆ ಬಿರುಸು ಮಾಡಿದಳು. ನೀರಿನೊಳಗಿದ್ದವನ ಜೊತೆ ಇಷ್ಟು ವರ್ಷ ಹೆದರದೆ ಮಾತಾಡಿದವಳು, ನೀರಿನಿಂದ ಮೇಲೆ ಬಂದವನಿಗೆ ಹೆದರಿದಳು.

ಮನೆಯಲ್ಲಿ ಉದ್ದವ್ವ ಹೊಸ್ತಿಲ ಮೇಲೆ ಕಾಯುತ್ತಿದ್ದಳು. "ಎಡಿ ಮುಟ್ಟಿತೇನವಾ?"

"ಮುಟ್ಟೇತ್ರಿ ಅತ್ತಿ. ಮಡು ಕಟ್ಟಿತು."

"ಬದನಿಕಾಯಿ ಪಲ್ಯಾ ಅಂದ್ರ ಜೀವಾ ಅಂವಗ. ಉಪ್ಪು ಕಡಿಮಿ ಇತ್ತು ಅಂದನೇನ?"

ಲಗಮಣ್ಣ ಅಂಗಳದಲ್ಲಿ ಕೂತು ಬೀಡಿ ಸೇದುತ್ತಿದ್ದ. "ವೈನಿ, ನಮ್ಮಣ್ಣಗ ಒಂದು ಮಾತು ಹೇಳೂದಿತ್ತು ನೀವು" ಎಂದ. "ಒಳಗ ಜಾಗಾ ಸಾಲವಲ್ದು, ಸ್ವಲ್ಪ ಸರದು ಕುಂಡ್ರು ಅಂತ. ಜಾತ್ರಿ ಕೂಡಿದಂಗ ಮೀನು ಕೂಡ್ಯಾವು."

"ನಿಮ್ಮಣ್ಣ ಜೀವಂತ ಎದ್ದು ಬಂದ್ರ ಏನ್ ಮಾಡ್ತಿ ಲಗಮಣ್ಣಾ?"

ಅವನು ನಕ್ಕ. "ಏನ್ ಮಾಡೂದು, ಬಂದ ದಿವಸನ ಮಡುವಿಗಿ ಇಳಿಯೂದು. ಈ ವರ್ಷ ತೋಟಾನೂ ಬೇಕಾಗಿಲ್ಲ, ಬುಟ್ಟಿಲೆ ಬಳಕೋಬಹುದು. ನಾವು ನಾಲ್ಕು ಮಂದಿ ಮಾತಾಡಿಕೊಂಡೇ ಇದ್ದೇವಿ, ಹಾಳಾದ ಅಂಜಿಕೆ ಒಂದ ಬಿಡವಲ್ದು." ತಾಯಿ ತನ್ನನ್ನೇ ನೋಡುತ್ತಿರುವುದು ಕಂಡು ಬೀಡಿ ಆರಿಸಿದ. "ಮೊದಲ ಅಣ್ಣನ್ನ ಮನಿಗಿ ಕರಕೊಂಡು ಬರ್ತಿದ್ದೆ. ಖರೇನ ಹೇಳ್ತೇನಿ."

ಖರೆಯೇ ಹೇಳಿದ್ದ. ಎರಡೂ ಮಾತು ಖರೆ. ಅದು ಸೀತವ್ವನಿಗೆ ತಿಳಿಯಿತು. ಕೈಗೆ ಬಳೆ ಬಂದ ದಿನವೇ ಮಡು ಬಿಚ್ಚುತ್ತದೆ, ಸಂಜೆಯೊಳಗೆ ಬುಟ್ಟಿಗಳು ತುಂಬುತ್ತವೆ, ಆಮೇಲೆ ಕೇರಿಗೆ ಹೊಳೆ ಇದ್ದೂ ಇಲ್ಲದಂತೆ. ಬಳೆ ಬೇಡವೆಂದು ಅವಳ ಮನಸ್ಸು ಹೇಳಲಿಲ್ಲ. ಬೇಕೆಂದೇ ಹೇಳುತ್ತಿತ್ತು.

ಹೊತ್ತು ಇಳಿಯುವ ಮುಂಚೆ ಅವಳು ಗುಡ್ಡಪ್ಪನ ಮನೆಗೆ ಹೋದಳು. ಮುದುಕ ಕಟ್ಟೆಯ ಮೇಲೆ ಬಲೆಯ ಹರುಕು ಹೆಣೆಯುತ್ತಿದ್ದ. ಸುತ್ತ ಯಾರೂ ಇರಲಿಲ್ಲ.

"ಕಾಕಾ, ನಮ್ಮನಿಯವ್ರು ಅದಾರ್ರಿ. ಜೀವಂತ ಅದಾರು."

ಗುಡ್ಡಪ್ಪನ ಕೈ ನಿಲ್ಲಲಿಲ್ಲ. ಒಂದು ಗಂಟು ಹಾಕಿದ, ಇನ್ನೊಂದು ಹಾಕಿದ. "ಇಲ್ಲಿತನಕಾ ಬಂದನೇನು?" ಎಂದ.

ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಕಟ್ಟೆಯ ಕಂಬ ಹಿಡಿದುಕೊಂಡಳು. "ನಿಮಗ ಗೊತ್ತಿತ್ತು."

"ಎರಡು ವರ್ಷಾತು. ಗೋಕಾಕದ ಸಂತ್ಯಾಗ ಕಂಡಿದ್ದ. ಅಂವನೂ ನನ್ನ ನೋಡ್ದ. ನಾ ಮಾರಿ ತಿರುವಿಕೊಂಡು ಬಂದೆ."

"ಮೀನಿನ ಸಲುವಾಗಿ ನನ್ನ ಹಣಿ ಬರೇ ಇಟ್ರಿ?"

"ಹೌದವಾ."

ಅವನು ಸುಳ್ಳು ಹೇಳಿದ್ದರೆ ಅವಳು ಬೈಯುತ್ತಿದ್ದಳು. ಹೌದೆಂದವನಿಗೆ ಏನು ಬೈಯುವುದು.

"ಕಾಡವ್ವನ ಹೆಸರಲೆ ನಮ್ಮ ಅಜ್ಜನ ಅಜ್ಜ ಮಡು ಕಾದ" ಎಂದ ಗುಡ್ಡಪ್ಪ. "ನಿನ್ನ ಗಂಡನಂಥವ್ರು ಆಕಿನ್ನ ನೋಡಿ ನಕ್ಕರು. ದೇವರಿಗಿ ಅಂಜಲಾರದ ಮಂದಿ ಸತ್ತವಗ ಅಂಜಿದ್ರು. ನಾ ಏನ್ ಮಾಡ್ಲಿ ಹೇಳು. ಮೂಡಲಗಿಗಿ ಹೋದವ್ರ ಮನಿ ಬಾಗಿಲಾ ನೋಡು, ಹುತ್ತ ಬೆಳದಾವು. ಅಂವನ್ನ ಹೊಳ್ಳಿ ಕಳಸು."

"ಕಳಸಿದ್ರ ಮತ್ತ ಬರ್ತಾರ. ಮಾರಿ ನೋಡೇನಿ ನಾ."

"ಹಂಗಾದ್ರ ಮಡು ಹೋತು."

ಸೀತವ್ವ ಬಲೆಯ ಒಂದು ತುದಿ ಹಿಡಿದು ಕೂತಳು. ಅವಳು ಯಾವ ಮಾತನ್ನೂ ಅವಸರದಲ್ಲಿ ಆಡುವವಳಲ್ಲ. ಗುಡ್ಡಪ್ಪ ಗಂಟು ಹಾಕುತ್ತಲೇ ಇದ್ದ.

"ಕಾಕಾ, ಕೂಗಾಕ ನಾನ ಬೇಕೇನ್ರಿ? ಬ್ಯಾರೆದವ್ರು ಕೂಗಿದ್ರ ನಡೆಯೂದುಲ್ಲೇನು?"

"ಸತ್ತವನ ಮನಿಯವ್ರು ಯಾರು ಕೂಗಿದ್ರೂ ನಡದೀತು. ಯಾಕ?"

"ಇಬ್ಬರ ಹೆಸರು ಕೂಗಿದ್ರ?"

ಮುದುಕನ ಕೈ ಆಗ ನಿಂತಿತು. ಅವಳನ್ನು ನೋಡಿದ, ಹೊಳೆಯ ಕಡೆ ನೋಡಿದ. "ಉದ್ದವ್ವ ಇನ್ನೊಮ್ಮೆ ತಾಳೂದುಲ್ಲವಾ" ಎಂದ.

"ಲಗಮಣ್ಣನ ಕೂಸು ಬರೂದೈತಿ. ತಾಳ್ತಾರು." ಹೀಗೆಂದಾಗ ಅವಳ ದನಿ ಅವಳಿಗೇ ಯಾರದೋ ದನಿಯಂತೆ ಕೇಳಿಸಿತು. "ಹುಡುಕಾಕ ಇಳದಾಗ ಈಚಿ ದಂಡಿ ಕಡೆ ಹುಡುಕಸ್ರಿ. ಆಚೆ ಕಡೆ ಯಾರನ್ನೂ ಬಿಡಬ್ಯಾಡ್ರಿ."

ಅವಳು ಬಗ್ಗಿ ಪಾದ ಮುಟ್ಟಿದಾಗ ಗುಡ್ಡಪ್ಪ ಕಾಲು ಹಿಂದೆಳೆದುಕೊಂಡ.

ಬೆಳಿಗ್ಗೆ ಅವಳು ಕೊಡದಲ್ಲಿ ಮೈಲಿಗೆ ಬಟ್ಟೆ ತುರುಕಿಕೊಂಡು ಹೊರಟಳು. ಉದ್ದವ್ವ, "ಬಿಸಲ ಏರೂದರಾಗ ಬಾರವಾ" ಎಂದಳು. ದಂಡೆಯಲ್ಲಿ ಅತ್ತೆಯ ಸೀರೆಯನ್ನು ಅರ್ಧ ಒಗೆದು, ಉಳಿದರ್ಧವನ್ನು ನೀರಿನಲ್ಲಿ ಬಿಟ್ಟು, ತೇಲಿಹೋಗದಂತೆ ಬಂಡೆಯ ಮೇಲಿನ ತುದಿಗೆ ಕಲ್ಲು ಹೇರಿದಳು. ಕೊಡವನ್ನು ನೀರಿಗೆ ತಳ್ಳಿದಳು. ಅದು ಬಗ್ಗಿ, ನೀರು ಕುಡಿದು, ಮೆಲ್ಲಗೆ ತಿರುಗುತ್ತ ನಡುಮಡುವಿಗೆ ಹೋಯಿತು. ಮೀನುಗಳು ಸರಿದು ಅದಕ್ಕೆ ಜಾಗ ಕೊಟ್ಟವು. ಅವಳು ಕೆಳಗಿನ ಬಂಡೆಗಳ ಮೇಲೆ ಹಾಯ್ದು ಆಚೆ ದಂಡೆ ಹತ್ತಿದಳು.

ಯಲ್ಲಾರಿ ಮುಖ ತೊಳೆದು, ಅಂಗಿ ಕೊಡವಿಕೊಂಡು ತಯಾರಾಗಿ ನಿಂತಿದ್ದ. "ನಡಿ" ಎಂದು ಕೇರಿಯ ಕಡೆ ಹೆಜ್ಜೆ ಇಟ್ಟ.

"ಆ ಕಡೆ ಅಲ್ರಿ. ಫಾಲ್ಸಿಗಿ."

"ಅವ್ವ?"

"ಅತ್ತಿ ನಿಮಗ ಅತ್ತು ಮುಗಿಸ್ಯಾರು. ನೀವು ಬಂದ್ರ ಲಗಮಣ್ಣ ನಿಮಗ ಕೈ ಹಿಡದು ಮನಿಗಿ ಒಯ್ತಾನು. ಆಮ್ಯಾಲೆ ಬುಟ್ಟಿ ತಗೊಂಡು ಇಲ್ಲಿಗಿ ಬರ್ತಾನು. ಹೋದ ಸಲ ಕೊಂದದ್ದು ಸಾಲಲಿಲ್ಲೇನು ನಿಮಗ?"

ಅವನು ಅಲ್ಲೇ ನಿಂತ. ಎಡಗೈಯಿಂದ ಬಲಗೈಯ ಇಲ್ಲದ ಬೆರಳುಗಳ ಜಾಗವನ್ನು ತಿಕ್ಕುತ್ತಿದ್ದ. "ಒಮ್ಮಿ ಮಾರಿ ನೋಡಿ ಬರ್ತೇನಿ. ದೂರದಿಂದ."

"ನಾ ಬಿಟ್ಟು ಬಂದೇನಿ. ನೀವೂ ಬಿಡ್ರಿ."

ಗುಡ್ಡದ ಓರೆಯಲ್ಲಿ ಹತ್ತಿ, ಕಾಲುದಾರಿ ತಿರುಗುವಲ್ಲಿಗೆ ಬಂದಾಗ ಕೆಳಗಿನಿಂದ ಸಪ್ಪಳ ಎದ್ದಿತು. ಮೊದಲು ಒಬ್ಬ ಹೆಂಗಸು ಚೀರಿದ್ದು, ಆಮೇಲೆ ಮಂದಿ ಓಡಿದ್ದು. ಗುಡ್ಡಪ್ಪನ ಗಡಸು ದನಿ, "ಈ ಕಡೆ ಇಳೀರಿ, ಈ ಕಡೆ" ಎನ್ನುವುದು. ಎಲ್ಲದರ ಮೇಲೆ ಉದ್ದವ್ವನ ದನಿ, ನೀರಿನ ಮೇಲೆ ಬಾಯಿಟ್ಟು ಕೂಗುವ ದನಿ.

"ಸೀತಾ... ಏ ಸೀತಾ..."

ಅವಳ ಗಂಟಲಿಗೆ ಓ ಬಂತು. ಸೆರಗು ಬಾಯಿಗೆ ತುರುಕಿಕೊಂಡಳು. ಅಂದು ಲಕ್ಕಿಯ ಮೆಳೆಯಲ್ಲಿ ಕೂತವನಿಗೆ ಏನಾಗಿತ್ತೆಂದು ಈಗ ಗೊತ್ತಾಯಿತು. ಅದಕ್ಕಾಗಿ ಅವನನ್ನು ಮನ್ನಿಸಿದಳೆಂದಲ್ಲ. ಯಲ್ಲಾರಿ ನೆಲಕ್ಕೆ ಕೂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಒಂದು ಕಿವಿ ಪೂರ್ತಿ ಮುಚ್ಚಲಿಲ್ಲ. ಅವಳು ಅವನ ರಟ್ಟೆ ಹಿಡಿದು ಎಬ್ಬಿಸಿದಳು. ಇಷ್ಟು ವರ್ಷಗಳ ಮೇಲೆ ಗಂಡನನ್ನು ಮುಟ್ಟಿದ್ದು ಆಗಲೇ. ಮೈ ಬೆಚ್ಚಗಿತ್ತು.

ಫಾಲ್ಸಿನಲ್ಲಿ ಅವರದು ತಗಡಿನ ಒಂದು ಕೋಣೆ. ಸೀತವ್ವ ಕುಂಕುಮ ಹಚ್ಚಿಕೊಂಡಳು, ಹಸಿರು ಬಳೆ ಇಟ್ಟುಕೊಂಡಳು. ಚಹಾದಂಗಡಿಯ ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು. ಬಾಜೂ ಮನೆಯವರು ಊರು ಕೇಳಿದರೆ ದೂರದ ಯಾವುದೋ ಹೆಸರು ಹೇಳುತ್ತಿದ್ದಳು. ಬೇಸಿಗೆಯಲ್ಲಿ ಬಂಡೆಯ ಮೇಲೆ ನೀರು ದಾರದಷ್ಟು ಸಣ್ಣಗಾಯಿತು. ಆ ದಾರವನ್ನು ನೋಡುತ್ತ, ಮಡುವಿನಲ್ಲಿ ಈಗ ಎಷ್ಟು ಉಳಿದಿದ್ದೀತು, ಲಗಮಣ್ಣ ಅಂಜಿದನೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದಳು. ಕೇಳಲು ಯಾರೂ ಇರಲಿಲ್ಲ. ಸತ್ತವರಿಗೆ ಊರಿನ ಸುದ್ದಿ ಯಾರು ಹೇಳುತ್ತಾರೆ. ಯಲ್ಲಾರಿ ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಕೆಲವು ಸಲ ಮಧ್ಯಾಹ್ನ ಅವನು ಉಣ್ಣುತ್ತ ಕೂತಾಗ, ಎದುರು ಕೂತು ಬಡಿಸುತ್ತ, ತಾನು ಎಡೆ ಇಡುತ್ತಿದ್ದೇನೆ ಎನ್ನಿಸಿ ಅವಳ ಕೈ ತಣ್ಣಗಾಗುತ್ತಿತ್ತು.

ಮಳೆಗಾಲ ಬಂತು. ನೀರು ಕೆಂಪಾಗಿ, ದಪ್ಪವಾಗಿ, ಇಡೀ ಬಂಡೆ ಮುಚ್ಚಿ ಬಿದ್ದಿತು. ಅದಾದ ಮೇಲಿನ ಒಂದು ಸಂತೆಗೆ ಅವಳು ಗೋಕಾಕಕ್ಕೆ ಹೋದಳು. ಮೆಣಸಿನಕಾಯಿ ಕೊಂಡು ತಿರುಗಿದಾಗ ಮೀನಿನ ಸಾಲಿನಲ್ಲಿ ಲಗಮಣ್ಣ ಕೂತಿದ್ದ. ಮುಂದೆ ಎರಡು ಬುಟ್ಟಿ.

ಅವನು ತಲೆಯೆತ್ತಿದ. ಕುಂಕುಮ, ಬಳೆ, ಹಸಿರು ಸೀರೆ. ಸತ್ತ ವಿಧವೆ ಮುತ್ತೈದೆಯಾಗಿ ಎದುರು ನಿಂತಿದ್ದಳು. ಅವನ ಕಣ್ಣು ಅವಳ ಮುಖದಿಂದ ಜಾರಿ ಪಾದಕ್ಕೆ ಬಂದವು. ಸಂತೆಯ ಕೆಸರಿನಲ್ಲಿ ಅವಳ ಪಾದ ಹೂತಿದ್ದವು, ಕಾಣುತ್ತಿರಲಿಲ್ಲ.

ಒಂದು ಮಾತು ಆಡಿದ್ದರೆ ಸಾಕಿತ್ತು. ಕೂಸು ಗಂಡೋ ಹೆಣ್ಣೋ, ಅತ್ತೆ ಹೇಗಿದ್ದಾರೆ, ಎಷ್ಟೋ ಕೇಳುವುದಿತ್ತು. ಸೀತವ್ವ ತುಟಿ ಕಚ್ಚಿ ನಿಂತಳು. ಸತ್ತವರು ಹೇಗೆ ನೋಡುತ್ತಾರೋ ಹಾಗೆ ಅವನನ್ನು ನೋಡಿದಳು.

ಲಗಮಣ್ಣ ಬುಟ್ಟಿಯಲ್ಲಿನ ಎಲ್ಲಕ್ಕಿಂತ ದೊಡ್ಡ ಮೀನನ್ನು ತೆಗೆದು ಎಲೆಯ ಮೇಲೆ ಅವಳ ಮುಂದೆ ಇಟ್ಟ. "ವೈನಿ, ನಾವು ಮುಟ್ಟಿಲ್ಲ" ಎಂದ. ದನಿ ಬಹಳ ಸಣ್ಣಗಿತ್ತು. "ಕೆಂಪ ನೀರ ಬರೂತನಕಾ ಯಾರೂ ಮುಟ್ಟಿಲ್ಲ." ಮುಖ ತಿರುವಿಕೊಂಡು, ಬುಟ್ಟಿಗಳನ್ನು ಎಳೆದುಕೊಂಡು ಮಂದಿಯೊಳಗೆ ಸೇರಿಹೋದ.

ಸೀತವ್ವ ಮೀನನ್ನು ಎತ್ತಿಕೊಂಡಳು. ಭಾರವಾಗಿತ್ತು. ಹೆಬ್ಬೆರಳಿನ ತುದಿಯಿಂದ ಅದರ ಹೊಟ್ಟೆಯನ್ನು ಮೇಲಿನಿಂದ ಕೆಳಗೆ ಒತ್ತಿ ನೋಡಿದಳು. ಸಡಿಲವಾಗಿತ್ತು. ತತ್ತಿ ಬಿಟ್ಟು ಬಂದ ಹೊಟ್ಟೆ.